‘ಬ್ರೋಕನ್ ಲಲಬಿ’ಯನ್ನು ಅರ್ಧಕ್ಕೇ ಬಿಟ್ಟಿದ್ದೀರಾ?

1932ರ ‘ಬ್ರೋಕನ್ ಲಲಬಿ’ ಹಾಕಿದ್ರಿ, ಹೀರೋ ಅತಿಯಾಗಿ ನಟಿಸುತ್ತಾನೆ ಅಂತ 15 ನಿಮಿಷಕ್ಕೇ ನಿಲ್ಲಿಸಿದ್ರಿ, ಮುಂದೆ ನೋಡಬೇಕಾ ಅಂತ ಕೇಳಿದ್ದೀರಿ. ಖಂಡಿತ ನೋಡಿ ಸರ್. ಒಂದೂಕಾಲು ಗಂಟೆಯ ಸಿನಿಮಾ ಅಷ್ಟೇ. ಫಿಲಿಪ್ಸ್ ಹೋಮ್ಸ್ ಕಣ್ಣರಳಿಸಿ ನಡುಗುವುದು ನನಗೂ ಜಾಸ್ತಿ ಅನಿಸಿತ್ತು. ಅವನನ್ನು ಬಿಟ್ಟು ಸುತ್ತಮುತ್ತ ನೋಡಿ.

ಮೊದಲಿಂದಲೇ ಶುರು ಮಾಡಿ. ಮೊದಲ ಮಹಾಯುದ್ಧ ನಿಂತು ಒಂದು ವರ್ಷ, ಪ್ಯಾರಿಸ್‌ನಲ್ಲಿ ಮೆರವಣಿಗೆ. ನಮಗೆ ಅದು ಕಾಣುವುದು ಒಬ್ಬ ಸೈನಿಕನ ಕಾಲು ಇರಬೇಕಾಗಿದ್ದ ಜಾಗದಿಂದ. ಆಮೇಲೆ ಚರ್ಚು. ಮಂಡಿಯೂರಿ ಕೂತ ಅಧಿಕಾರಿಗಳ ಸೊಂಟದ ಕತ್ತಿಗಳು ಸಾಲಾಗಿ ದಾರಿಗೆ ಚಾಚಿಕೊಂಡಿವೆ. ಅಲ್ಲಿ ನಡೆಯುತ್ತಿರುವುದು ಶಾಂತಿಯ ಪ್ರಾರ್ಥನೆ!

ಹೀರೋ ಪಾಲ್ ಫ್ರಾನ್ಸಿನ ಸಂಗೀತಗಾರ, ಯುದ್ಧದಲ್ಲಿ ವಾಲ್ಟರ್ ಎಂಬ ಜರ್ಮನ್ ಹುಡುಗನನ್ನು ಕೊಂದಿದ್ದಾನೆ. ಪಾದ್ರಿ ‘ನಿನ್ನ ಕರ್ತವ್ಯ ಮಾಡಿದ್ದೀಯ’ ಅಂತ ಸಲೀಸಾಗಿ ಕ್ಷಮಿಸಿಬಿಡುತ್ತಾರೆ. ಅದೇ ಇವನಿಗೆ ತಡೆಯಲಾಗುವುದಿಲ್ಲ. ಸೀದಾ ಸತ್ತವನ ಮನೆಗೇ ಹೋಗುತ್ತಾನೆ. ಅಲ್ಲಿ ಬಾಯಿ ಕಟ್ಟಿಹೋಗುತ್ತದೆ. ಅವರು ಇವನನ್ನು ಮಗನ ಗೆಳೆಯ ಅಂದುಕೊಳ್ಳುತ್ತಾರೆ.

ಇಲ್ಲಿಂದ ಮುಂದೆ ಇಯರ್‌ಫೋನ್ ಹಾಕಿಕೊಳ್ಳಿ. ವಾಲ್ಟರ್‌ನನ್ನು ಮದುವೆಯಾಗಬೇಕಿದ್ದ ಹುಡುಗಿ ಎಲ್ಸಾ ಪಾಲ್ ಜೊತೆ ಬೀದಿಯಲ್ಲಿ ಹೋಗುತ್ತಿದ್ದಂತೆ ಅಂಗಡಿ ಬಾಗಿಲುಗಳ ಗಂಟೆ ಒಂದೊಂದಾಗಿ ಟಿಣ್ ಟಿಣ್ ಅನ್ನುತ್ತವೆ. ಊರೇ ಬಾಗಿಲಿಗೆ ಬಂತು ಅಂತ ಲೆಕ್ಕ. ನಿರ್ದೇಶಕ ಲುಬಿಚ್ ಹೆಸರು ಮಾಡಿದ್ದು ತಮಾಷೆ ಸಿನಿಮಾಗಳಿಗೆ, ಆ ಕೈಚಳಕ ಇಲ್ಲಿ ಗೊತ್ತಾಗುತ್ತದೆ. ಬಿಯರ್ ಅಂಗಡಿಯಲ್ಲಿ ವಾಲ್ಟರ್ ತಂದೆ (ಲಯೊನೆಲ್ ಬ್ಯಾರಿಮೋರ್) ತನ್ನ ವಯಸ್ಸಿನವರನ್ನೇ ತರಾಟೆಗೆ ತಗೊಳ್ಳುವ ದೃಶ್ಯವನ್ನಂತೂ ನಾನು ಮೂರು ಸಲ ಹಿಂದೆ ಹಾಕಿ ನೋಡಿದೆ. ಹೊಡೆದಾಡುವ ವಯಸ್ಸು ದಾಟಿದೆ, ದ್ವೇಷಿಸುವ ವಯಸ್ಸು ಮಾತ್ರ ದಾಟಿಲ್ಲ ಅನ್ನುತ್ತಾನೆ ಮುದುಕ.

ಇನ್ನು ಕೊನೆ ಹೇಳುತ್ತೇನೆ, ಬೇಡದವರು ಓದಬೇಡಿ. ಪಾಲ್ ನಿಜ ಹೇಳಲು ಹೊರಟಾಗ ಎಲ್ಸಾ ತಡೆಯುತ್ತಾಳೆ. ಹೇಳಿಬಿಟ್ಟರೆ ಇವನು ಹಗುರ, ಭಾರ ಹೊರುವವರು ಆ ಮುದುಕರು, ಅಲ್ವಾ? ಬಾಯಿ ಮುಚ್ಚಿಕೊಂಡು ಅವರಿಗೆ ಮಗನಾಗಿ ಇರುವುದೇ ಅವನಿಗೆ ಶಿಕ್ಷೆ. ವಾಲ್ಟರ್‌ನ ಪಿಟೀಲು ಅವನ ಕೈಗೆ ಬರುತ್ತದೆ. ನನ್ನ ಹೆಂಡತಿ ಮಾತ್ರ ‘ಇದು ಪ್ರಾಯಶ್ಚಿತ್ತ ಅಲ್ಲ, ಮೋಸ’ ಅಂತ ಇವತ್ತಿಗೂ ಜಗಳ ಆಡುತ್ತಾಳೆ.

ಇದೇ ಕಥೆಯನ್ನು ಫ್ರಾನ್ಸ್‌ನ ನಿರ್ದೇಶಕ ಓಜೋನ್ 2016ರಲ್ಲಿ ‘ಫ್ರಾಂಟ್ಸ್’ ಅಂತ ತೆಗೆದಿದ್ದಾರೆ. ಅಲ್ಲಿ ಹುಡುಗಿಯ ಕಡೆಯಿಂದ ಕಥೆ ನಡೆಯುತ್ತದೆ, ಕೊಂದವನು ಯಾರು ಅನ್ನುವುದನ್ನು ಬಹಳ ಹೊತ್ತು ಮುಚ್ಚಿಡುತ್ತಾರೆ. ನಿಮಗೆ ಆ ಗುಟ್ಟು ಈಗಾಗಲೇ ಗೊತ್ತು, ಹಾಗಾಗಿ ಇದನ್ನೇ ಮೊದಲು ಮುಗಿಸಿ. ನೋಡಿದ ಮೇಲೆ ನೀವು ನನ್ನ ಕಡೆಯೋ ನನ್ನ ಹೆಂಡತಿ ಕಡೆಯೋ, ಇಲ್ಲೇ ಬರೆಯಿರಿ.