ಮೊದಲ ಟ್ಯೂಬ್ ಆಂಪ್: ಮನೆಗೂ ಬ್ಯಾಂಡಿಗೂ ಒಂದೇ ಸಾಕೇ?

ಪ್ರಶ್ನೆ: ಕೆಲವು ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ಇದುವರೆಗೆ ಅಭ್ಯಾಸಕ್ಕೆ ಸಣ್ಣದೊಂದು ಟ್ರಾನ್ಸಿಸ್ಟರ್ ಆಂಪ್ ಸಾಕಾಗುತ್ತಿತ್ತು. ಈಗ ಗೆಳೆಯರ ಬ್ಯಾಂಡ್ ಸೇರಿಕೊಂಡಿದ್ದೇನೆ. ಡ್ರಮ್ಸ್ ಶುರುವಾದರೆ ನನ್ನ ಗಿಟಾರ್ ನನಗೇ ಕೇಳಿಸುವುದಿಲ್ಲ. ಹೆಚ್ಚಾಗಿ ಬ್ಲೂಸ್ ಮತ್ತು ರಾಕ್ ನುಡಿಸುತ್ತೇನೆ. ಟ್ರಾನ್ಸಿಸ್ಟರ್ ಬದಲು ನಿರ್ವಾತ ನಳಿಕೆಗಳಿಂದ ಸದ್ದು ಹಿಗ್ಗಿಸುವ ಟ್ಯೂಬ್ ಆಂಪ್ ಕೊಳ್ಳುವ ಮನಸ್ಸಿದೆ, ಆದರೆ 1 ವ್ಯಾಟ್‌ನಿಂದ 100 ವ್ಯಾಟ್‌ವರೆಗೆ ಎಲ್ಲವನ್ನೂ ‘ಇದೇ ಸರಿ’ ಎಂದು ಹೇಳುವವರಿದ್ದಾರೆ. ಮನೆಯಲ್ಲಿ ರಾತ್ರಿ ನುಡಿಸಲೂ ಬ್ಯಾಂಡ್ ಜೊತೆ ನುಡಿಸಲೂ ಒಂದೇ ಆಂಪ್ ಸಾಕೇ? ಎಷ್ಟು ವ್ಯಾಟ್ ಬೇಕು?

ಉತ್ತರ: ನೀವು ಹೇಳಿದ ಬಳಕೆಗೆ 15ರಿಂದ 20 ವ್ಯಾಟ್‌ನ, 12 ಇಂಚಿನ ಒಂದು ಸ್ಪೀಕರ್ ಮತ್ತು ಮಾಸ್ಟರ್ ವಾಲ್ಯೂಮ್ ಇರುವ ಕಾಂಬೊ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ) ಆಂಪ್ ಸಾಕು. ಆದರೆ ಈ ತೀರ್ಮಾನಕ್ಕೆ ಕಾರಣವೇನೆಂದು ತಿಳಿಯದೆ ಅಂಗಡಿಗೆ ಹೋದರೆ, ಹೆಸರಿಗೆ 20 ವ್ಯಾಟ್ ಇದ್ದರೂ ನಿಮಗೆ ಒಗ್ಗದ ಆಂಪ್ ಮನೆಗೆ ಬರಬಹುದು. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವ್ಯಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ. ಶಕ್ತಿ ಇಮ್ಮಡಿಯಾದಾಗ ಹೆಚ್ಚುವುದು ಕೇವಲ 3 ಡೆಸಿಬೆಲ್; ಕಿವಿಗೆ ಸದ್ದು ‘ಎರಡರಷ್ಟಾಯಿತು’ ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಈ ಲೆಕ್ಕದಲ್ಲಿ 100 ವ್ಯಾಟ್‌ನ ಆಂಪ್ 10 ವ್ಯಾಟ್‌ನದ್ದಕ್ಕಿಂತ ಎರಡು ಪಟ್ಟು ಮಾತ್ರ ಜೋರು, 15 ಮತ್ತು 30 ವ್ಯಾಟ್‌ಗಳ ನಡುವಿನ ಅಂತರವಂತೂ ಗಮನವಿಟ್ಟು ಕೇಳಿದರಷ್ಟೇ ಗೊತ್ತಾಗುವಂಥದ್ದು. ಇಷ್ಟೇ ಅಂತರವನ್ನು ಸ್ಪೀಕರ್ ಒಂದೇ ತರಬಲ್ಲದು. ಗಿಟಾರ್ ಸ್ಪೀಕರ್‌ಗಳಿಗೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ ಸಿಗುವ ಸದ್ದನ್ನು ಅವುಗಳ ಸೆನ್ಸಿಟಿವಿಟಿ ಎಂದು ನಮೂದಿಸುತ್ತಾರೆ. 97 ಡೆಸಿಬೆಲ್‌ನ ಸ್ಪೀಕರ್ ತೆಗೆದು 100 ಡೆಸಿಬೆಲ್‌ನದ್ದನ್ನು ಹಾಕಿದರೆ, ಸದ್ದಿನ ಮಟ್ಟಿಗೆ ನಿಮ್ಮ 15 ವ್ಯಾಟ್ ಆಂಪ್ 30 ವ್ಯಾಟ್‌ನದ್ದಾದಂತೆಯೇ.

ಇದೇ ಲೆಕ್ಕವನ್ನು ಮನೆಯ ಕಡೆಯಿಂದ ನೋಡಿ. 97 ಡೆಸಿಬೆಲ್ ಸ್ಪೀಕರಿನ ಮುಂದೆ ಕೇವಲ 1 ವ್ಯಾಟ್ ನುಡಿದರೂ ಒಂದು ಮೀಟರ್ ದೂರದಲ್ಲಿ 97 ಡೆಸಿಬೆಲ್ ಸದ್ದು ಇರುತ್ತದೆ; ಇಬ್ಬರು ಎದುರುಬದುರು ಕುಳಿತು ಮಾತನಾಡುವ ಸದ್ದು ಸುಮಾರು 60. ಒಂದು ವ್ಯಾಟ್‌ನ ಹತ್ತನೇ ಒಂದು ಭಾಗಕ್ಕೆ ಇಳಿಸಿದರೂ 87 ಉಳಿಯುತ್ತದೆ. ಹಾಗಾಗಿ ‘ಮನೆಗೆ 1 ವ್ಯಾಟ್, ಬ್ಯಾಂಡಿಗೆ 50 ವ್ಯಾಟ್’ ಎಂಬ ಪ್ರಚಲಿತ ಸಲಹೆಯ ಮೊದಲ ಅರ್ಧವನ್ನು ನಾನು ಒಪ್ಪುವುದಿಲ್ಲ. ಪೂರ್ತಿ ತಿರುಗಿಸಿದ 1 ವ್ಯಾಟ್ ಆಂಪ್ ಕೂಡ ರಾತ್ರಿ ಹತ್ತರ ನಂತರ ಪಕ್ಕದ ಮನೆಯವರನ್ನು ಎಬ್ಬಿಸುತ್ತದೆ, ಅದೇ ಆಂಪ್ ಡ್ರಮ್ಸ್ ಎದುರು ನಿಲ್ಲುವುದೂ ಇಲ್ಲ. ಮನೆಯ ಸದ್ದನ್ನು ಹಿಡಿತಕ್ಕೆ ತರುವುದು ವ್ಯಾಟ್ ಕಡಿಮೆ ಮಾಡುವುದರಿಂದಲ್ಲ, ಆಂಪ್‌ನ ಒಳಗಿನ ವ್ಯವಸ್ಥೆಯಿಂದ.

ಆ ವ್ಯವಸ್ಥೆಯಲ್ಲಿ ಮೊದಲನೆಯದು ಮಾಸ್ಟರ್ ವಾಲ್ಯೂಮ್. ಟ್ಯೂಬ್ ಆಂಪ್‌ನಲ್ಲಿ ಗಿಟಾರಿನ ಸಣ್ಣ ಸಿಗ್ನಲ್ ಮೊದಲು 12ಎಎಕ್ಸ್7ನಂತಹ ಪ್ರೀಆಂಪ್ ಟ್ಯೂಬ್‌ಗಳಲ್ಲಿ ಹಿಗ್ಗುತ್ತದೆ, ಆಮೇಲೆ ಇಎಲ್84, 6ವಿ6, ಇಎಲ್34 ಅಥವಾ 6ಎಲ್6 ಎಂಬ ಪವರ್ ಟ್ಯೂಬ್‌ಗಳಿಗೆ ಹೋಗಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕ ಸ್ಪೀಕರ್ ತಲುಪುತ್ತದೆ. ರಾಕ್, ಬ್ಲೂಸ್‌ನಲ್ಲಿ ಕೇಳುವ, ಧ್ವನಿ ಒಡೆಯುವ ಆ ಸೊಗಸು (ಡಿಸ್ಟಾರ್ಶನ್) ಪ್ರೀಆಂಪ್‌ನಲ್ಲಿಯೂ ಹುಟ್ಟುತ್ತದೆ, ಪವರ್ ಟ್ಯೂಬ್‌ಗಳಲ್ಲಿಯೂ ಹುಟ್ಟುತ್ತದೆ. ಎರಡರ ನಡುವೆ ಮಾಸ್ಟರ್ ವಾಲ್ಯೂಮ್ ಇದ್ದರೆ, ಪ್ರೀಆಂಪ್ ಅನ್ನು ಚೆನ್ನಾಗಿ ದುಡಿಸಿ ಹೊರಗಿನ ಸದ್ದನ್ನು ತಗ್ಗಿಸಬಹುದು. ಅದು ಇಲ್ಲದ ಆಂಪ್‌ಗಳೂ ಪ್ರಸಿದ್ಧವೇ. 22 ವ್ಯಾಟ್‌ನ ಫೆಂಡರ್ ಡೀಲಕ್ಸ್ ರಿವರ್ಬ್ ಬಹು ಮಂದಿ ಗಿಟಾರ್ ವಾದಕರ ಮೆಚ್ಚಿನದು, ಕ್ಲೀನ್ (ಒಡೆಯದ) ಧ್ವನಿಗೂ, ಕಾಲಲ್ಲಿ ಒತ್ತಿ ಧ್ವನಿ ಬದಲಿಸುವ ಪೆಡಲ್‌ಗಳಿಗೂ ಅದಕ್ಕೆ ಸಾಟಿ ಕಡಿಮೆ. ಆದರೆ ಮಾಸ್ಟರ್ ವಾಲ್ಯೂಮ್ ಇಲ್ಲದಿರುವುದರಿಂದ ಅದರ ಸಹಜ ಒಡಕು ಧ್ವನಿ ಸಿಗಬೇಕಾದರೆ ಮನೆಯ ಕಿಟಕಿ ಅದುರುವಷ್ಟು ಜೋರು ಮಾಡಬೇಕು. ಓವರ್‌ಡ್ರೈವ್ ಪೆಡಲ್ ಬಳಸಿ ಡಿಸ್ಟಾರ್ಶನ್ ಪಡೆಯುವುದು ನಿಮಗೆ ಒಪ್ಪಿಗೆಯಾದರೆ ಇದೊಂದು ಕೊರತೆಯೇ ಅಲ್ಲ.

ಮಾಸ್ಟರ್ ವಾಲ್ಯೂಮ್ ಇದೆಯೇ ಎಂದಷ್ಟೇ ಕೇಳಬೇಡಿ, ಅದು ಹೇಗೆ ತಿರುಗುತ್ತದೆ ಎಂಬುದನ್ನು ಕೈಯಿಂದಲೇ ನೋಡಿ. ಹಲವು ಆಂಪ್‌ಗಳಲ್ಲಿ ಸೊನ್ನೆಯಿಂದ ಒಂದರವರೆಗೆ ಮೌನ, ಒಂದು ದಾಟಿದ ಕೂದಲೆಳೆಯಲ್ಲಿ ಇಡೀ ಕೋಣೆ ತುಂಬುವ ಸದ್ದು. ಅಂಥ ಗುಂಡಿಯೊಂದಿಗೆ ಮನೆಯಲ್ಲಿ ಬಾಳುವುದು ಕಷ್ಟ. ಮಾತಿನ ಮಟ್ಟದ ಸದ್ದಿನಲ್ಲಿ ಗುಂಡಿಯನ್ನು ತುಸು ತಿರುಗಿಸಿದಾಗ ಸದ್ದೂ ತುಸುವೇ ಏರಬೇಕು. ನನ್ನ ದೃಷ್ಟಿಯಲ್ಲಿ ಮನೆಬಳಕೆಯ ಆಂಪ್‌ಗೆ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿಲ್ಲ, ಮತ್ತು ಇದನ್ನು ಮಾಡುವವರು ತೀರಾ ಕಡಿಮೆ.

ಎರಡನೆಯದು ಎಫೆಕ್ಟ್ಸ್ ಲೂಪ್, ಅಂದರೆ ಪ್ರೀಆಂಪ್ ಮತ್ತು ಪವರ್ ಟ್ಯೂಬ್‌ಗಳ ನಡುವೆ ಪೆಡಲ್ ಸಿಕ್ಕಿಸಲು ಇರುವ ಜಾಗ. ಡಿಲೇ, ರಿವರ್ಬ್ ಪೆಡಲ್‌ಗಳನ್ನು ಪ್ರೀಆಂಪ್‌ನ ಡಿಸ್ಟಾರ್ಶನ್ ಆದ ಮೇಲೆ ಸೇರಿಸಿದರೆ ಧ್ವನಿ ಕಲಸಿಹೋಗುವುದಿಲ್ಲ. ಇದರ ಜೊತೆಗೆ, ಲೂಪ್‌ನಲ್ಲಿ ಸರಳವಾದ ಒಂದು ವಾಲ್ಯೂಮ್ ಪೆಟ್ಟಿಗೆಯನ್ನು ಸಿಕ್ಕಿಸಿದರೆ ಅದು ಇನ್ನೊಂದು ಮಾಸ್ಟರ್ ವಾಲ್ಯೂಮ್‌ನಂತೆ ಕೆಲಸ ಮಾಡುತ್ತದೆ. ಮೇಲೆ ಹೇಳಿದ ‘ಒಂದು ದಾಟಿದರೆ ಅಬ್ಬರ’ದ ಕಾಯಿಲೆಗೆ ಇದು ಅಗ್ಗದ ಮದ್ದು. ಅರ್ಧ ಶಕ್ತಿಯ ಸ್ವಿಚ್ ಎಂದು ಜಾಹೀರಾತಿನಲ್ಲಿ ಮೆರೆಸುವುದನ್ನು ಕಂಡು ಮಾತ್ರ ಮರುಳಾಗಬೇಡಿ. 20ನ್ನು 10 ಮಾಡುವ ಸ್ವಿಚ್ ಇಳಿಸುವುದು ಅದೇ 3 ಡೆಸಿಬೆಲ್. ಆಂಪ್ ಮತ್ತು ಸ್ಪೀಕರ್ ನಡುವೆ ಕೂರುವ ಅಟೆನ್ಯುಯೇಟರ್ ನಿಜಕ್ಕೂ ಸದ್ದು ತಗ್ಗಿಸುತ್ತದೆ, ಹೆಚ್ಚುವರಿ ಶಕ್ತಿಯನ್ನು ಶಾಖವಾಗಿಸುತ್ತದೆ. ಆದರೆ ಒಳಗೆ ಪವರ್ ಟ್ಯೂಬ್‌ಗಳು ಪೂರ್ತಿ ದುಡಿಯುತ್ತಲೇ ಇರುವುದರಿಂದ ಅವು ಬೇಗ ಸವೆಯುತ್ತವೆ, ತೀರಾ ತಗ್ಗಿಸಿದಾಗ ಧ್ವನಿ ಮಂಕೂ ಆಗುತ್ತದೆ.

ಇನ್ನು ಬ್ಯಾಂಡ್. ಇಲ್ಲಿ ಆಂಪ್‌ನ ಗಾತ್ರವನ್ನು ನಿರ್ಧರಿಸುವವರು ನೀವಲ್ಲ, ನಿಮ್ಮ ಡ್ರಮ್ಮರ್. ಒಡಕು ಧ್ವನಿಯ ರಾಕ್ ರಿದಮ್ ನುಡಿಸುವವರಿಗೆ 15 ವ್ಯಾಟ್ ಧಾರಾಳ, ಏಕೆಂದರೆ ಆಂಪ್ ಒಡೆಯತೊಡಗಿದ ಮೇಲೂ ನಮೂದಿಸಿದ ವ್ಯಾಟ್‌ಗಿಂತ ಹೆಚ್ಚಿನದನ್ನೇ ಹೊರಹಾಕುತ್ತದೆ. ತೊಂದರೆ ಬರುವುದು ಕ್ಲೀನ್ ಧ್ವನಿ ಬೇಕಾದಾಗ: ಬಿರುಸಾಗಿ ಬಾರಿಸುವ ಡ್ರಮ್ಸ್ ಪಕ್ಕದಲ್ಲಿ, ಮೈಕ್ ಇಲ್ಲದೆ, ಒಂಚೂರೂ ಒಡೆಯದ ಸ್ವಚ್ಛ ಕಾರ್ಡ್‌ಗಳು ಕೇಳಿಸಬೇಕೆಂದರೆ 15 ವ್ಯಾಟ್ ಸೋಲುತ್ತದೆ. ಅಂಥವರು 22ರಿಂದ 40 ವ್ಯಾಟ್‌ನತ್ತ ನೋಡಲಿ. ನೀವು ಬ್ಲೂಸ್ ನುಡಿಸುವವರು, ತುಸು ಒಡಕು ನಿಮಗೆ ಬೇಕೇ ಬೇಕು. ವೇದಿಕೆಯಲ್ಲಿ ಆಂಪ್ ಮುಂದೆ ಮೈಕ್ ಇಟ್ಟು ಧ್ವನಿವರ್ಧಕದ ಮೂಲಕ ಸಭಾಂಗಣಕ್ಕೆ ಕೇಳಿಸುವ ಕ್ರಮವಿದ್ದರೆ, ಆಂಪ್‌ನ ಕೆಲಸ ವೇದಿಕೆಯ ಮೇಲೆ ಕೇಳಿಸುವಷ್ಟಕ್ಕೆ ಮುಗಿಯುತ್ತದೆ.

ಡ್ರಮ್ಸ್ ಶುರುವಾದೊಡನೆ ಗಿಟಾರ್ ಕೇಳಿಸುವುದಿಲ್ಲ ಎಂದಿದ್ದೀರಿ. ಇದಕ್ಕೆ ಆಂಪ್‌ನ ದೌರ್ಬಲ್ಯವೊಂದೇ ಕಾರಣವಿರಲಾರದು. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಬಾಸ್ ಮತ್ತು ಟ್ರೆಬಲ್ ಕಡಿಮೆ ಕೇಳಿಸುತ್ತವೆ. ಆದ್ದರಿಂದ ಮನೆಯಲ್ಲಿ ಎಲ್ಲರೂ ಬಾಸ್ ಏರಿಸಿ, ಮಿಡ್ ಇಳಿಸಿ ಇಂಪಾದ ಧ್ವನಿ ಹೊಂದಿಸಿಕೊಳ್ಳುತ್ತಾರೆ. ಅದೇ ಸೆಟಿಂಗ್ ಬ್ಯಾಂಡಿಗೆ ಹೋದಾಗ ಬಾಸ್ ಗಿಟಾರ್ ಕೆಳಗಿನ ಸ್ವರಗಳನ್ನು ನುಂಗುತ್ತದೆ, ಸಿಂಬಲ್‌ಗಳು ಮೇಲಿನದನ್ನು ನುಂಗುತ್ತವೆ, ನಡುವೆ ನೀವೇ ಖಾಲಿ ಬಿಟ್ಟ ಜಾಗದಲ್ಲಿ ಗಿಟಾರ್ ಇರುವುದೇ ಇಲ್ಲ. ರಿಹರ್ಸಲ್‌ನಲ್ಲಿ ಬಾಸ್ ತಗ್ಗಿಸಿ ಮಿಡ್ ಏರಿಸಿ ನೋಡಿ. ಒಂಟಿಯಾಗಿ ಕೇಳಿದಾಗ ಕರ್ಕಶವೆನ್ನಿಸುವ ಆ ಧ್ವನಿಯೇ ಬ್ಯಾಂಡಿನ ನಡುವೆ ಸರಿಯಾಗಿ ಕೂರುತ್ತದೆ. ಆಂಪ್ ಅನ್ನು ನೆಲದ ಮೇಲಿಟ್ಟು ಅದರ ಮುಂದೆಯೇ ನಿಲ್ಲಬೇಡಿ. ಸ್ಪೀಕರಿನ ಟ್ರೆಬಲ್ ಟಾರ್ಚಿನ ಬೆಳಕಿನಂತೆ ನೇರವಾಗಿ ಮುಂದಕ್ಕೆ ಸಾಗುತ್ತದೆ. ನಿಮ್ಮ ಮೊಣಕಾಲಿಗೆ ಚೆನ್ನಾಗಿ ಕೇಳಿಸಿದರೂ ಕಿವಿಗೆ ಮುಟ್ಟುವುದಿಲ್ಲ. ಕುರ್ಚಿಯ ಮೇಲಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ. ಹೊಸದನ್ನು ಕೊಳ್ಳುವ ಮೊದಲು ಈಗಿನ ಆಂಪ್‌ನಲ್ಲೇ ಇದನ್ನು ಪ್ರಯತ್ನಿಸಿ ನೋಡುವುದರಲ್ಲಿ ನಷ್ಟವೇನಿಲ್ಲ.

ಮಾದರಿಗಳ ಮಾತಿಗೆ ಬಂದರೆ, ಇಎಲ್84 ಜೋಡಿಯ 15 ವ್ಯಾಟ್‌ನವುಗಳಲ್ಲಿ ವಾಕ್ಸ್ ಎಸಿ15 ಮತ್ತು ಫೆಂಡರ್ ಬ್ಲೂಸ್ ಜೂನಿಯರ್ ಎರಡೂ ಬ್ಲೂಸ್‌ಗೆ ಒಗ್ಗುವಂಥವು. ಎರಡನೆಯದು ಹೊರಲು ಹಗುರ, ಆದರೆ ಅದರಲ್ಲಿ ಎಫೆಕ್ಟ್ಸ್ ಲೂಪ್ ಇಲ್ಲ. ರಾಕ್ ಕಡೆಗೆ ಹೆಚ್ಚು ವಾಲುವುದಾದರೆ ಲೂಪ್ ಕೂಡ ಇರುವ 20 ವ್ಯಾಟ್‌ನ ಮಾರ್ಷಲ್ ಡಿಎಸ್ಎಲ್20 ಕಾಂಬೊ ಕೇಳಿ ನೋಡಿ. ಒಂದೇ ಪವರ್ ಟ್ಯೂಬ್ ಇರುವ ಸುಮಾರು 5 ವ್ಯಾಟ್‌ನ, 8 ಇಂಚಿನ ಸ್ಪೀಕರಿನ ಫೆಂಡರ್ ಚಾಂಪ್‌ನಂತಹ ಆಂಪ್‌ಗಳು ರೆಕಾರ್ಡಿಂಗ್‌ನಲ್ಲಿ ಅದ್ಭುತವಾಗಿ ಕೇಳಿಸುತ್ತವೆ, ಡ್ರಮ್ಸ್ ಎದುರು ಮುಳುಗುತ್ತವೆ.

ನೋಡಲು ಹೋಗುವಾಗ ನಿಮ್ಮದೇ ಗಿಟಾರ್ ಕೊಂಡೊಯ್ಯಿರಿ. ಟೋನ್ ಗುಂಡಿಗಳನ್ನೆಲ್ಲ ನಡುವಿಗಿಟ್ಟು, ಮೊದಲು ಮಾತಿನ ಸದ್ದಿನಲ್ಲಿ, ನಂತರ ಬ್ಯಾಂಡಿನ ಸದ್ದಿನಲ್ಲಿ ನುಡಿಸಿ. ಆಂಪ್ ಒಡೆಯುವ ಹಂತದಲ್ಲಿಟ್ಟು ಗಿಟಾರಿನ ವಾಲ್ಯೂಮ್ ಅನ್ನು ಹತ್ತರಿಂದ ಐದಕ್ಕೆ ಇಳಿಸಿದಾಗ ಧ್ವನಿ ಮಂಕಾಗದೆ ತಿಳಿಯಾದರೆ, ಅದು ಬ್ಲೂಸ್ ನುಡಿಸುವವರ ಕೈಗೆ ಮಾತು ಕೇಳುವ ಆಂಪ್.

ಒಂದು ಮಾತು ಮುಚ್ಚಿಡದೆ ಹೇಳಬೇಕು: ನೀವು ಬ್ಯಾಂಡ್ ಸೇರದೆ, ರಾತ್ರಿ ಮನೆಯಲ್ಲಿ ಮಾತ್ರ ನುಡಿಸುವವರಾಗಿದ್ದರೆ ಟ್ಯೂಬ್ ಆಂಪ್ ಬೇಡ, ಬೇರೆ ಬೇರೆ ಆಂಪ್‌ಗಳ ಧ್ವನಿಯನ್ನು ಅನುಕರಿಸುವ, ಹೆಡ್‌ಫೋನ್ ಸಿಕ್ಕಿಸಬಹುದಾದ ಡಿಜಿಟಲ್ ಮಾಡೆಲಿಂಗ್ ಆಂಪ್ ಕೊಳ್ಳಿ ಎನ್ನುತ್ತಿದ್ದೆ.

ಪ್ರಶ್ನೆ: ಹಳೆಯ ಟ್ಯೂಬ್ ಆಂಪ್ ಒಂದು ಮಾರಾಟಕ್ಕಿದೆ. ಟ್ಯೂಬ್‌ಗಳು ಹಾಳಾಗಿವೆಯೇ ಎಂದು ತಿಳಿಯುವುದು ಹೇಗೆ? ಬಿಚ್ಚಿ ನೋಡಬಹುದೇ?

ಉತ್ತರ: ಬಿಚ್ಚಬೇಡಿ. ಒಳಗೆ 300ರಿಂದ 500 ವೋಲ್ಟ್‌ವರೆಗೆ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಅಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದು. ಹೊರಗಿನಿಂದಲೇ ಬಹಳಷ್ಟು ತಿಳಿಯುತ್ತದೆ. ಆಂಪ್ ಅನ್ನು ಅರ್ಧ ಗಂಟೆ ಚಾಲೂ ಇಟ್ಟು ಹಿಂದಿನಿಂದ ನೋಡಿ: ಟ್ಯೂಬ್‌ನ ನಡುವಿನ ತಂತಿ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದು ಸಹಜ, ಅದರ ಸುತ್ತಲಿನ ಬೂದು ಲೋಹದ ತಗಡು ಕೆಂಪಾಗುವುದು ಸಹಜವಲ್ಲ. ಮರದ ಪೆನ್ಸಿಲಿನಿಂದ ಪ್ರೀಆಂಪ್ ಟ್ಯೂಬ್‌ಗಳನ್ನು ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯಂತೆ ದೀರ್ಘವಾಗಿ ಮೊಳಗಿದರೆ ಆ ಟ್ಯೂಬ್ ಬದಲಿಸಬೇಕು, ಅದು ದೊಡ್ಡ ಖರ್ಚಲ್ಲ. ಗುಂಡಿ ತಿರುಗಿಸಿದಾಗಿನ ಕರಕರ ಸದ್ದೂ ಸಣ್ಣ ದೋಷವೇ. ಆದರೆ ಗಿಟಾರ್ ಸಿಕ್ಕಿಸದೆಯೂ ಜೋರಾದ ಗುಂಯ್‌ಗುಡುವಿಕೆ ಕೇಳಿದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಮುದಿಯಾಗಿರಬಹುದು; ಬೆಲೆ ಮಾತಾಡುವಾಗ ರಿಪೇರಿಯ ಖರ್ಚನ್ನೂ ಕಳೆದು ಮಾತಾಡಿ. ಬೇರೆ ದೇಶದಿಂದ ಬಂದ ಆಂಪ್ ಆದರೆ 120 ವೋಲ್ಟ್‌ನದ್ದೋ 230 ವೋಲ್ಟ್‌ನದ್ದೋ ಎಂದು ಹಿಂದಿನ ಫಲಕದಲ್ಲಿ ಓದಿಯೇ ಪ್ಲಗ್ ಹಾಕಿ. ಗುಂಯ್ ಸದ್ದು ನಿಲ್ಲಿಸಲೆಂದು ಅರ್ಥಿಂಗ್ ಪಿನ್ ಕತ್ತರಿಸಿರುವ ಆಂಪ್ ಕಂಡರೆ, ಅದನ್ನು ಸರಿಪಡಿಸುವವರೆಗೆ ಮುಟ್ಟಬೇಡಿ.

ಪ್ರಶ್ನೆ: ಆಂಪ್ ಹೆಡ್ (ಸ್ಪೀಕರ್ ಇಲ್ಲದ ಆಂಪ್) ಇದೆ, ಸ್ಪೀಕರ್ ಇರುವ ಕ್ಯಾಬಿನೆಟ್ ಇನ್ನೂ ಬಂದಿಲ್ಲ. ಸದ್ದಿಲ್ಲದೆ ರೆಕಾರ್ಡ್ ಮಾಡಲು ಸ್ಪೀಕರ್ ಇಲ್ಲದೆಯೇ ಆನ್ ಮಾಡಬಹುದೇ?

ಉತ್ತರ: ಕೂಡದು. ಸ್ಪೀಕರ್ ಅಥವಾ ಅದರ ಬದಲಿಗೆ ಆಂಪ್‌ನ ಶಕ್ತಿಯನ್ನು ಹೀರಿಕೊಳ್ಳುವ ಲೋಡ್ ಬಾಕ್ಸ್ ಇಲ್ಲದೆ ಟ್ಯೂಬ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಅದು ಸುಟ್ಟುಹೋಗಬಹುದು, ಮತ್ತು ಆಂಪ್‌ನ ಅತಿ ದುಬಾರಿ ಭಾಗಗಳಲ್ಲಿ ಅದೂ ಒಂದು. ಕ್ಯಾಬಿನೆಟ್ ಬಂದ ಮೇಲೆ ಅದರ ಓಮ್ ಮತ್ತು ಹೆಡ್‌ನ ಓಮ್ ಹೊಂದಿಕೆಯಾಗಲಿ: 16 ಓಮ್ ಕ್ಯಾಬಿನೆಟ್ ಅನ್ನು 16 ಎಂದು ಬರೆದಿರುವ ತೂತಿಗೇ ಸಿಕ್ಕಿಸಿ. 8 ಓಮ್‌ನ ಎರಡು ಕ್ಯಾಬಿನೆಟ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ. ಗಿಟಾರ್ ಕೇಬಲ್ ಮತ್ತು ಸ್ಪೀಕರ್ ಕೇಬಲ್ ಎರಡರ ತುದಿಗಳೂ ನೋಡಲು ಒಂದೇ ಥರ ಇರುತ್ತವೆ. ಒಳಗಿನ ತಂತಿಯ ದಪ್ಪ ಬೇರೆ. ಹೆಡ್‌ನಿಂದ ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲನ್ನೇ ಬಳಸಿ.