ಅಕ್ಟೋಬರ್‌ನಲ್ಲಿ ಶಿವಮೊಗ್ಗ ಕಡೆ ಬಂದರೆ ಉಡುಗೊರೆಗೆ ಏನು ಕೊಳ್ಳಬೇಕು? ಒಬ್ಬ ಡಬ್ಬ-ಲೇಬಲ್ ಡಿಸೈನರ್ ಉತ್ತರ

ನೀವು ಕೇಳಿದ್ದು ಇಷ್ಟು: ಅಕ್ಟೋಬರ್‌ನಲ್ಲಿ ಎರಡು ದಿನ ಶಿವಮೊಗ್ಗ, ಸಾಗರ ಕಡೆ ಬರುತ್ತೀರಿ. ಬೆಂಗಳೂರಿಗೆ ವಾಪಸ್ ಹೋದಮೇಲೆ ಗೆಳತಿಯ ಗೃಹಪ್ರವೇಶ ಇದೆ. ಆಫೀಸಿನ ಐದಾರು ಜನಕ್ಕೂ ಏನಾದರೂ ತೆಗೆದುಕೊಂಡು ಹೋಗಬೇಕು. ಕೈಯಲ್ಲಿ ಮಾಡಿದ್ದಾಗಿರಬೇಕು, ಪ್ಯಾಕಿಂಗೂ ಚೆನ್ನಾಗಿರಬೇಕು. ಡಿಸೈನ್ ಕೆಲಸದವರು ತಮಗೆ ಅಂತ ಏನು ಕೊಳ್ಳುತ್ತಾರೆ, ಅದನ್ನೇ ಹೇಳಿ ಅಂದಿದ್ದೀರಿ.

ನಾನು ಶಿವಮೊಗ್ಗದಲ್ಲೇ ಇರುವುದು. ಉಪ್ಪಿನಕಾಯಿ, ಜೇನುತುಪ್ಪ, ಕಾಫಿಪುಡಿ ಮಾಡಿ ಮಾರುವ ಸಣ್ಣಪುಟ್ಟ ಮನೆ ಉದ್ಯಮಗಳಿಗೆ ಲೇಬಲ್, ಡಬ್ಬ ಡಿಸೈನ್ ಮಾಡಿಕೊಡುತ್ತೇನೆ. ಹಾಗಾಗಿ ಅಂಗಡಿಗೆ ಹೋದರೆ ಒಳಗೇನಿದೆ ಅನ್ನುವುದಕ್ಕಿಂತ ಮೊದಲು ಅದನ್ನು ಹೇಗೆ ಕಟ್ಟಿದ್ದಾರೆ ಅಂತ ನೋಡುವ ಚಟ. ನನ್ನ ಜೊತೆ ಪೇಟೆಗೆ ಬಂದವರು ಎರಡನೇ ಸಲ ಬರುವುದಿಲ್ಲ.

ನಾನು ಕಂಡ ಅತಿ ಒಳ್ಳೆಯ ಪ್ಯಾಕಿಂಗ್ ಯಾವ ಅಂಗಡಿಯ ಶೋಕೇಸಿನಲ್ಲೂ ಇಲ್ಲ. ಗಾಂಧಿ ಬಜಾರಿನಲ್ಲಿ ಹೂ ಮಾರುವವರ ಬುಟ್ಟಿಯ ಪಕ್ಕ ಇದೆ. ಎರಡು ಮೊಳ ಹೂ ಕೇಳಿ, ಅವರ ಕೈಯನ್ನೇ ನೋಡುತ್ತಾ ನಿಲ್ಲಿ. ಅಂಗೈ ಅಗಲದ ಬಾಳೆ ಎಲೆ ಚೂರು, ಅದರ ಮೇಲೆ ಸುರುಳಿ ಸುತ್ತಿದ ಹೂ. ಎಡಗಡೆ ಒಂದು ಮಡಿಕೆ, ಬಲಗಡೆ ಒಂದು ಮಡಿಕೆ, ಎರಡೂ ತುದಿ ಅಡಿಗೆ. ನೀರಲ್ಲಿ ನೆನೆದ ಬಾಳೆ ನಾರನ್ನು ಎರಡು ಸುತ್ತು ಸುತ್ತಿ, ತುದಿಯನ್ನು ತಿರುಚಿ ಒಳಗೆ ಸಿಕ್ಕಿಸಿಬಿಡುತ್ತಾರೆ. ಗಂಟೇ ಇಲ್ಲ! ಮನೆಗೆ ಬಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಎಲೆಯ ತಂಪಿಗೆ ಹೂ ಬಾಡಿರುವುದಿಲ್ಲ. ಎಲೆ, ನಾರು ಎರಡನ್ನೂ ದನದ ಮುಂದೆ ಹಾಕಿದರೆ ಕಸವೂ ಇಲ್ಲ. ಇಂಥದ್ದೊಂದನ್ನು ನಾನು ಡಿಸೈನ್ ಮಾಡಿದ್ದರೆ ಅದನ್ನೇ ಹೇಳಿಕೊಂಡು ಜೀವನ ಪೂರ್ತಿ ತಿರುಗುತ್ತಿದ್ದೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಕಡೆ ವಸ್ತುವನ್ನು ಕಟ್ಟುವ ಜಾಣತನ ಎಲ್ಲ ಹುಟ್ಟಿರುವುದು ನೀರಿನ ಲೆಕ್ಕದಲ್ಲಿ. ಒಂದೋ ನೀರನ್ನು ಒಳಗೆ ಹಿಡಿದಿಡಬೇಕು, ಇಲ್ಲವೇ ಹೊರಗೆ ತಡೆಯಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅಲ್ಲಿ ಜುಲೈ ತಿಂಗಳಲ್ಲಿ ರಟ್ಟಿನ ಡಬ್ಬ ಇಟ್ಟು ನೋಡಿ, ವಾರದಲ್ಲಿ ಮೆತ್ತಗಾಗಿ ಬೂಷ್ಟು ಹಿಡಿದಿರುತ್ತದೆ. ಅಡಿಕೆ ತೋಟದವರು ಮರದ ಮೇಲಿನ ಗೊನೆಗೇ ಪ್ಯಾಕಿಂಗ್ ಮಾಡಿದವರು, ಗೊತ್ತಾ? ಮಳೆಗಾಲದಲ್ಲಿ ಕೊಳೆರೋಗ ಬಂದು ಕಾಯಿ ಉದುರುತ್ತದೆ. ಅದಕ್ಕೆ ಗೊನೆ ನೆನೆಯದ ಹಾಗೆ ಮೇಲಿಂದ ಟೋಪಿಯಂತೆ ಕೊಟ್ಟೆ ಕಟ್ಟುತ್ತಿದ್ದರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀರು, ಹೊಡೆಯುವುದನ್ನು ರೂಢಿಗೆ ತಂದಮೇಲೆ ಕೊಟ್ಟೆ ಕಡಿಮೆಯಾಯಿತು. ಈಗ ಕೆಲವರು ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ. ವಸ್ತು ಬದಲಾಯಿತು, ಹೆಸರು ಹಾಗೇ ಉಳಿಯಿತು.

ನಾನೂ ಒಮ್ಮೆ ಈ ನೀರಿನ ಲೆಕ್ಕ ತಪ್ಪಿದ್ದೇನೆ. ಜೋನಿ ಬೆಲ್ಲಕ್ಕೆ, ಅಂದರೆ ಅಚ್ಚಿಗೆ ಹಾಕದ ನೀರು ಬೆಲ್ಲಕ್ಕೆ, ಒಂದು ಬಾಟಲಿ ಆರಿಸಿದ್ದೆ. ಗಾಜಿನದ್ದು, ಎತ್ತರದ್ದು, ಸಪೂರ ಕತ್ತು. ಕಂದು ಬಣ್ಣದ ಬೆಲ್ಲ ಬೆಳಕಿಗೆ ಹಿಡಿದರೆ ಹೊಳೆಯುತ್ತಿತ್ತು. ಫೋಟೋ ಏನು ಚಂದ ಬಂತು! ಚಳಿಗೆ ಬೆಲ್ಲ ಗಟ್ಟಿಯಾದಾಗ ಬಾಟಲಿ ತಲೆಕೆಳಗೆ ಹಿಡಿದರೂ ಒಂದು ತೊಟ್ಟು ಇಳಿಯಲಿಲ್ಲ. ಚಮಚ ಒಳಗೆ ಹೋಗಲಿಲ್ಲ. ಮಳೆಗಾಲಕ್ಕೆ ಉಳಿದಿದ್ದು ಹುಳಿ ಬಂದು ನೊರೆಯೆದ್ದಿತು, ಗ್ಯಾಸಿಗೆ ಎರಡು ಮುಚ್ಚಳ ಹಾರಿತು. ಬೆಲ್ಲ ಮಾಡಿದ ಮನೆಯ ಅಜ್ಜಿ ಒಂದೇ ಮಾತು ಕೇಳಿದರು, ‘ನೀನು ಮನೆಯಲ್ಲಿ ದೋಸೆಗೆ ಬೆಲ್ಲ ಹಾಕಿಕೊಳ್ಳುವುದಿಲ್ಲವಾ?’ ಆಮೇಲಿಂದ ಅಗಲ ಬಾಯಿಯ ಡಬ್ಬಿ, ಮೇಲೆ ಎರಡು ಬೆರಳು ಜಾಗ ಖಾಲಿ. ನೋಡಲು ಏನೂ ವಿಶೇಷವಿಲ್ಲ. ಚೆನ್ನಾಗಿ ಮಾರಾಟವಾಗುತ್ತದೆ.

ಸರಿ, ಗೃಹಪ್ರವೇಶಕ್ಕೆ ಬರುತ್ತೇನೆ.

ನನ್ನನ್ನು ಕೇಳಿದರೆ ಬೇರೆ ಏನೂ ಬೇಡ, ಭೂಮಣ್ಣಿ ಬುಟ್ಟಿ. ನೀವು ಬರುವ ಕಾಲವೂ ಅದರದ್ದೇ. ಆಶ್ವೀಜದ ಹುಣ್ಣಿಮೆ, ನಮ್ಮ ಕಡೆ ಭೂಮಿ ಹುಣ್ಣಿಮೆ, ಕೆಲವರು ಸೀಗೆ ಹುಣ್ಣಿಮೆ ಅನ್ನುತ್ತಾರೆ. ಪೈರು ಹೊಡೆ ತುಂಬಿರುವ ಹೊತ್ತು. ಭೂಮಿ ಈಗ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು ಅಂತ ಮನೆಯವರು ಬೆಳಗಿನ ಜಾವ ಎದ್ದು ಗದ್ದೆಗೆ ಅಡುಗೆ ಹೊತ್ತುಕೊಂಡು ಹೋಗುತ್ತಾರೆ. ಆ ಅಡುಗೆ ಹೊರುವ ಬುಟ್ಟಿ ಇದು. ಸಾಗರ, ಸೊರಬ ಕಡೆಯ ದೀವರು ಸಮುದಾಯದ ಮನೆಗಳಲ್ಲಿ ಹೆಂಗಸರು ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಇದರ ಕೆಲಸ ಶುರು ಮಾಡುತ್ತಾರೆ.

ಹೆಣೆದ ಬುಟ್ಟಿಗೆ ಮೊದಲು ಸಗಣಿ ಬಳಿದು ಸಂದಿಗಳನ್ನೆಲ್ಲ ಮುಚ್ಚುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣು. ಆ ಕೆಂಪಿನ ಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ಚಿತ್ತಾರ. ಕಪ್ಪು ಬೇಕಾದರೆ ಅಕ್ಕಿಯನ್ನೇ ಕರ‍್ರಗೆ ಹುರಿದು ಅರೆಯುತ್ತಾರೆ, ಹಳದಿಗೆ ಗುರಿಗೆ ಕಾಯಿ. ಬ್ರಷ್ ಅಂದರೆ ಪುಂಡಿ ನಾರಿನ ತುದಿ ಜಜ್ಜಿ ಮಾಡಿಕೊಂಡದ್ದು. ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ಗೆರೆಗಳೇ ಇಲ್ಲಿ ಬುಟ್ಟಿಯ ಸುತ್ತ ಬರುತ್ತವೆ: ಭತ್ತದ ತೆನೆ, ಜೋಗಿ ಜಡೆ. ಸಪಾಟು ಗೋಡೆಯ ಮೇಲೆ ನೇರ ಗೆರೆ ಎಳೆಯುವುದೇ ಕಷ್ಟ. ಉಬ್ಬಿದ ಬುಟ್ಟಿಯ ಮೇಲೆ, ಸ್ಕೇಲ್ ಇಲ್ಲದೆ, ಪೆನ್ಸಿಲ್ ಗುರುತು ಇಲ್ಲದೆ ಎಳೆಯುವುದನ್ನು ಒಮ್ಮೆ ಹತ್ತಿರ ಕೂತು ನೋಡಿದ್ದೇನೆ. ಅವರು ಗೆರೆಯನ್ನು ನೋಡುವುದೇ ಇಲ್ಲ, ಪಕ್ಕದವರ ಜೊತೆ ಮಾತಾಡುತ್ತಾ ಬುಟ್ಟಿಯನ್ನು ತೊಡೆಯ ಮೇಲೆ ತಿರುಗಿಸುತ್ತಾರೆ. ಮೊದಲ ಗೆರೆ ಸುತ್ತಿ ಬಂದು ಕೊನೆಯ ಗೆರೆಗೆ ಸರಿಯಾಗಿ ಕೂಡಿಕೊಳ್ಳುತ್ತದೆ. ನಾನು ಪ್ರಯತ್ನಪಟ್ಟೆ, ನನ್ನದು ಅರ್ಧ ಇಂಚು ಮೇಲೆ ಹೋಗಿತ್ತು. ‘ಪರವಾಗಿಲ್ಲ, ಅಲ್ಲೊಂದು ತೆನೆ ಬರಿ’ ಅಂದರು.

ಒಂದು ಮಾತು. ಹಬ್ಬಕ್ಕೆ ಹೊತ್ತ ಬುಟ್ಟಿಯನ್ನು ಯಾರೂ ಮಾರುವುದಿಲ್ಲ, ಕೇಳಲೂಬಾರದು. ಮಾರಾಟಕ್ಕೆ ಅಂತಲೇ ಬರೆದುಕೊಡುವ ಚಿತ್ತಾರ ಕಲಾವಿದರು ಸಾಗರದ ಸುತ್ತ ಇದ್ದಾರೆ. ಅವರಿಗೆ ಮೊದಲೇ ಹೇಳಿ ಸಣ್ಣ ಬುಟ್ಟಿ ಮಾಡಿಸಿಕೊಳ್ಳಿ. ಹೋದ ದಿನವೇ ಕೈಗೆ ಸಿಗುತ್ತದೆ ಅಂದುಕೊಳ್ಳಬೇಡಿ. ಎರಡು ಪ್ರಶ್ನೆ ಕೇಳಿ: ಬಣ್ಣ ಮಣ್ಣಿನದ್ದಾ, ಅಕ್ರಿಲಿಕ್ಕಾ? ನನಗೆ ಮಣ್ಣಿನದ್ದೇ ಇಷ್ಟ. ಅಕ್ರಿಲಿಕ್ ಬಿಳಿ ಕಣ್ಣಿಗೆ ಹೊಡೆಯುತ್ತದೆ, ಅಕ್ಕಿಯ ಬಿಳಿ ಹಾಗಲ್ಲ, ಸ್ವಲ್ಪ ಕೆನೆಯ ಹಾಗೆ ಇರುತ್ತದೆ. ಆದರೆ ಅಕ್ಕಿ ಅಂದರೆ ಜಿರಲೆಗೂ ಇಷ್ಟ. ನೆಕ್ಕಿಬಿಡುತ್ತದೆ. ಅಡುಗೆಮನೆಯಲ್ಲಿ ಇಡುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ ಅಂತ ಗೆಳತಿಗೆ ಚೀಟಿ ಬರೆದಿಡಿ. ಚಿತ್ತಾರವನ್ನು ಮಗ್ ಮೇಲೆ, ಮೊಬೈಲ್ ಕವರ್ ಮೇಲೆ ಪ್ರಿಂಟ್ ಹೊಡೆದು ಮಾರುವುದೂ ಇದೆ. ಕೊಳ್ಳುವವರು ಕೊಳ್ಳಲಿ, ನಾನು ಕೊಳ್ಳುವುದಿಲ್ಲ.

ಬುಟ್ಟಿಯೊಳಗೆ ಹಾಕಲು ಹೆಗ್ಗೋಡಿಗೆ ಹೋಗಿ ಬನ್ನಿ. ಶಿವಮೊಗ್ಗದಿಂದ ಸಾಗರ ಸುಮಾರು 70 ಕಿಲೋಮೀಟರ್, ಅಲ್ಲಿಂದ ಹೆಗ್ಗೋಡು ಹತ್ತಿರ. ನಾಟಕದ ಸಂಸ್ಥೆ ನೀನಾಸಂ ಇರುವ ಊರು ಅಂತ ಎಲ್ಲರಿಗೂ ಗೊತ್ತು, ಸಂಸ್ಥೆ 1949ರಿಂದ ಇದೆ. ಪಕ್ಕದ ಭೀಮನಕೋಣೆಯಲ್ಲಿ ಚರಕ ಇದೆ. ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಊರಿನ ಹೆಂಗಸರ ಜೊತೆ ಶುರು ಮಾಡಿದ ಕೈಮಗ್ಗದ ಸಹಕಾರ ಸಂಘ. ಅಲ್ಲಿನ ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ನನ್ನ ಮೆಚ್ಚಿನದ್ದು ಅಡಿಕೆ ಚೊಗರಿನದ್ದು. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಗಟ್ಟಿ ನೀರು ಚೊಗರು. ಅದು ಬಟ್ಟೆಗೆ ತಾಗಿದರೆ ಹೋಗುವುದಿಲ್ಲ ಅನ್ನುವುದು ತೋಟದ ಮನೆಯಲ್ಲಿ ಬೆಳೆದ ಯಾವ ಮಗುವಿಗೂ ಗೊತ್ತು. ಸ್ಕೂಲ್ ಯೂನಿಫಾರಂ ಮೇಲೆ ಚೊಗರು ಚೆಲ್ಲಿಕೊಂಡು ನಾನು ತಿಂದ ಏಟು ನನಗೆ ಗೊತ್ತು. ಆ ಹೋಗದ ಕಲೆಯನ್ನೇ ಬಣ್ಣ ಮಾಡಿಕೊಂಡಿದ್ದಾರೆ ಅಂದರೆ ಖುಷಿಯಾಗುವುದಿಲ್ಲವಾ? ಇಟ್ಟಿಗೆಗೂ ಕಂದಿಗೂ ನಡುವಿನ ಬಣ್ಣ ಬರುತ್ತದೆ. ಒಂದು ಮೀಟರ್ ಬಟ್ಟೆ ಅಥವಾ ಟವೆಲ್ ತೆಗೆದುಕೊಂಡು ಬುಟ್ಟಿಗೆ ಸುತ್ತಿ. ಗಿಫ್ಟ್ ಪೇಪರ್ ದುಡ್ಡು ಉಳಿಯಿತು, ಪ್ಯಾಕಿಂಗೇ ಎರಡನೇ ಉಡುಗೊರೆ ಆಯಿತು. ಮೊದಲ ಸಲ ಬೇರೆಯಾಗಿ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಬೇಕು.

ಸಾಗರ ಅಂದಮೇಲೆ ಗಂಧದ ಕೆತ್ತನೆ ಕೇಳುತ್ತೀರಿ. ಅದನ್ನು ಕೆತ್ತುವ ಗುಡಿಗಾರರ ಕೈಕೆಲಸಕ್ಕೆ ಎರಡು ಮಾತಿಲ್ಲ. ಉಗುರಿನಷ್ಟು ಜಾಗದಲ್ಲಿ ಬಳ್ಳಿ, ಹಕ್ಕಿ ಎಲ್ಲ ಬಿಡಿಸುತ್ತಾರೆ. ಆದರೆ ಗಂಧ ದುಬಾರಿ, ಮೋಸವೂ ಜಾಸ್ತಿ. ಪರಿಮಳ ಇರುವುದು ಮರದ ಒಳಗಿನ ಚೇಗಿನಲ್ಲಿ, ಹೊರಗಿನ ಬಿಳಿ ಮರಕ್ಕೆ ವಾಸನೆ ಇಲ್ಲ. ಬೇರೆ ಮರಕ್ಕೆ ಅತ್ತರು ಸವರಿ ಗಂಧ ಅಂತ ಮಾರುವುದುಂಟು. ಮೂಗಿಗೆ ಅಡರುವಷ್ಟು ಘಾಟು ಬಂದರೆ ನಾನಂತೂ ಅಲ್ಲಿಂದ ಎದ್ದು ಬರುತ್ತೇನೆ. ಬಿಲ್ ಕೊಡುವಲ್ಲೇ ಕೊಳ್ಳಿ. ನನ್ನ ಬಜೆಟ್‌ಗೆ ಸರಿಯಾಗಿದ್ದು ಶಿವನೆ ಮರದ್ದು. ಹಗುರ, ತಿಳಿ ಬಣ್ಣ, ಕೈಚಳಕ ಅದೇ. ಗುಡಿಗಾರರೇ ಬೆಂಡಿನಲ್ಲಿ ಮದುವೆ ಬಾಸಿಂಗ ಮಾಡುತ್ತಾರೆ, ಹಿಡಿದರೆ ಕೈಯಲ್ಲಿ ಏನೋ ಇದೆ ಅಂತಲೇ ಗೊತ್ತಾಗದಷ್ಟು ಹಗುರ. ಗೃಹಪ್ರವೇಶಕ್ಕೆ ಅದು ಬೇಡ ಬಿಡಿ, ಸುಮ್ನೆ ಹೇಳಿದೆ.

ಆಫೀಸಿನವರಿಗೆ ತಿನ್ನುವುದೇ ವಾಸಿ. ತೊಡೆದೇವು ಸಿಕ್ಕರೆ ಅದೃಷ್ಟ. ಕಾದ ಗಡಿಗೆಯನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಸಿಹಿ ಹಿಟ್ಟನ್ನು ಬಟ್ಟೆಯಲ್ಲಿ ತೊಡೆದು, ಅಂದರೆ ಸವರಿ, ಕಾಗದಕ್ಕಿಂತ ತೆಳ್ಳಗೆ ತೆಗೆಯುವ ತಿಂಡಿ. ಅದರ ನಿಜವಾದ ಕಾಲ ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆ ದಿನಗಳು, ಅಂದರೆ ಸಂಕ್ರಾಂತಿ ಆಚೀಚೆ. ಅಕ್ಟೋಬರ್‌ನಲ್ಲಿ ಗಾಳಿಯ ತೇವಕ್ಕೆ ಬೇಗ ಮೆತ್ತಗಾಗುತ್ತದೆ, ಪೊಟ್ಟಣ ಪೂರ್ತಿ ಗಾಳಿಯಾಡದ ಹಾಗೆ ಸೀಲ್ ಆಗಿದೆಯಾ ನೋಡಿ. ಜೋನಿ ಬೆಲ್ಲವೂ ಆಗ ಹಳೆಯದ್ದೇ ಸಿಗುತ್ತದೆ, ನಾನಾದರೆ ಬೇಸಿಗೆಗೆ ಮುಂಚೆ ಕೊಳ್ಳುತ್ತೇನೆ.

ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನ ಮಿಡಿ, ಅದರ ಉಪ್ಪಿನಕಾಯಿಗೆ ಮಾತ್ರ ಕಾಲದ ಚಿಂತೆ ಇಲ್ಲ. ಮುಚ್ಚಳ ತೆಗೆದು ಮಿಡಿಗೆ ತೊಟ್ಟು ಇದೆಯಾ ನೋಡಿ. ಮರದಿಂದ ಇಳಿಸುವಾಗ ತೊಟ್ಟು ಮುರಿದರೆ ಸೊನೆ ಸೋರಿ ಹೋಗುತ್ತದೆ, ಪರಿಮಳವೆಲ್ಲ ಅದರಲ್ಲೇ ಇರುವುದು, ಮಿಡಿಯೂ ಬೇಗ ಮೆತ್ತಗಾಗುತ್ತದೆ. ಹಾಗಾಗಿ ತೊಟ್ಟೇ ಅದರ ಬಿರಡೆ. ನಾವು ಮಾಡಬೇಕಿರುವುದು ಆ ಬಿರಡೆ ಕೀಳದೆ ಇರುವುದು ಅಷ್ಟೇ. ತಗಡಿನ ಮುಚ್ಚಳದ ಬಾಟಲಿ ಬೇಡ. ಉಪ್ಪು, ಹುಳಿ ಎರಡೂ ಸೇರಿ ಮುಚ್ಚಳದ ಒಳಗೆ ತುಕ್ಕು ಬರುತ್ತದೆ, ಎಷ್ಟೇ ಚಂದದ ಲೇಬಲ್ ಇದ್ದರೂ. ಇದನ್ನು ನನ್ನ ಗಿರಾಕಿಗಳಿಗೆ ಹೇಳಿ ಹೇಳಿ ಸಾಕಾಗಿದೆ. ಪಿಂಗಾಣಿಯ ಸಣ್ಣ ಭರಣಿ ಸಿಕ್ಕರೆ ಎರಡು ಕಾಸು ಜಾಸ್ತಿಯಾದರೂ ಕೊಡಿ. ಉಪ್ಪಿನಕಾಯಿ ಮುಗಿದಮೇಲೆ ಆಫೀಸಿನ ಟೇಬಲ್ ಮೇಲೆ ಪೆನ್ನು ಇಡಲು ಆಗುತ್ತದೆ.

ಹಾಳೆ ತಟ್ಟೆ ಕೈಯಲ್ಲಿ ಮಾಡಿದ್ದಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಅಡಿಕೆ ಹಾಳೆಯನ್ನು ನೆನೆಸಿ, ತೊಳೆದು, ಬಿಸಿ ಅಚ್ಚಿನ ಮೆಷಿನ್‌ನಲ್ಲಿ ಒತ್ತುತ್ತಾರೆ. ಆದರೆ ಒಂದರ ಗೆರೆ ಇನ್ನೊಂದಕ್ಕೆ ಇರುವುದಿಲ್ಲ, ಅದಕ್ಕೇ ನನಗೆ ಇಷ್ಟ. ಭರಣಿಯನ್ನು ಎರಡು ಹಾಳೆ ಬಟ್ಟಲುಗಳ ನಡುವೆ ಇಟ್ಟು ದಾರ ಕಟ್ಟಿದರೆ ದಾರಿಯಲ್ಲಿ ಒಡೆಯುವುದಿಲ್ಲ, ನಾನು ಕಳಿಸುವುದು ಹಾಗೇ.

ಬುಟ್ಟಿಯನ್ನು ಮಾತ್ರ ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಲೂ ಬೇಡಿ. ಸಗಣಿ, ಕೆಮ್ಮಣ್ಣು ಬೆವರಿ ಬೂಷ್ಟು ಬರುತ್ತದೆ. ಹಳೇ ಕಾಟನ್ ಪಂಚೆಯಲ್ಲಿ ಸಡಿಲವಾಗಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಕೂರಿ. ರಾತ್ರಿ ಬಸ್ಸಾದರೆ ಪಕ್ಕದ ಸೀಟಿನವರು ಅದೇನು ಅಂತ ಖಂಡಿತ ಕೇಳುತ್ತಾರೆ.