ಕುಂಡದ ಹಿಂದಿನ ದಪ್ಪ ಹಾವು: ಸಾಕಿದ ಹೆಬ್ಬಾವೋ, ಕೊಳಕುಮಂಡಲವೋ?

ಅಕ್ಕಾ, ಪುಣೆಯ ಕೋಥ್ರೂಡಿನ ನಿಮ್ಮ ಹಿತ್ತಲಲ್ಲಿ ಕುಂಡಗಳ ಹಿಂದೆ ಸುತ್ತಿಕೊಂಡು ಮಲಗಿರುವ ಎರಡೂವರೆ ಅಡಿ ಹಾವಿನ ಎರಡೂ ಫೋಟೊ ನೋಡಿದೆ. ‘ಯಾರೋ ಸಾಕಿದ್ದು ತಪ್ಪಿಸಿಕೊಂಡು ಬಂದಿದೆ, ಬಕೆಟ್ಟಿಗೆ ಹಾಕಿಬಿಡಿ’ ಎಂದು ಪಕ್ಕದ ಮನೆಯವರು ಹೇಳಿದ್ದಾರಂತೆ. ದಯವಿಟ್ಟು ಆ ಕೆಲಸ ಮಾಡಬೇಡಿ. ತಲೆ ಸ್ಪಷ್ಟವಾಗಿ ಕಾಣುವ ತನಕ ಅದು ಕೊಳಕುಮಂಡಲ, ಇಲ್ಲಿಯವರು ಘೋಣಸ್ ಅನ್ನುತ್ತಾರಲ್ಲ, ಅದೇ ಎಂದು ತಿಳಿದು ದೂರ ಇರಿ.

ಕೊಳಕುಮಂಡಲದ ಬೆನ್ನಿನ ನಡುವೆ ಒಂದು, ಎರಡು ಪಕ್ಕಗಳಲ್ಲಿ ಒಂದೊಂದು, ಹೀಗೆ ಮೂರು ಸಾಲು ಕಂದು ಮಚ್ಚೆಗಳಿರುತ್ತವೆ, ಸರಪಳಿಯ ಕೊಂಡಿಗಳ ಹಾಗೆ. ಮಚ್ಚೆಗೆ ಕಪ್ಪು ಅಂಚು, ಅದರಾಚೆ ತೆಳು ಬಿಳಿ ಗೆರೆ. ಒಂದೊಂದು ಹುರುಪೆಯ ನಟ್ಟನಡುವೆಯೂ ಏಣು ಇರುವುದರಿಂದ ಮೈ ಮಂಕು, ಒರಟು. ಸಾಕುವವರ ಹತ್ತಿರ ಹೆಚ್ಚಾಗಿರುವ ಆಫ್ರಿಕಾದ ಹೆಬ್ಬಾವು ಬಾಲ್ ಪೈಥಾನ್‌ನ ಮೈ ಎಣ್ಣೆ ಸವರಿದಷ್ಟು ನುಣುಪು. ಗಾಢ ಕಂದು ಮೈಮೇಲೆ ಚಿನ್ನದ ಬಣ್ಣದ ತೇಪೆಗಳು, ಒಂದರ ಹಾಗೆ ಇನ್ನೊಂದಿರುವುದಿಲ್ಲ. ಕೆಲವದರೊಳಗೆ ಕಣ್ಣಿನಂಥ ಕಪ್ಪು ಚುಕ್ಕೆ. ನಮ್ಮ ಹೆಬ್ಬಾವಿನ ಮರಿಗೆ ಇದು ತಿರುವುಮುರುವು: ತಿಳಿ ಮೈ, ಗಾಢ ತೇಪೆ, ನೆತ್ತಿಯ ಮೇಲೆ ಬಾಣದ ಮೊನೆಯ ಗುರುತು.

ನಿಮ್ಮ ಎರಡನೇ ಫೋಟೊದಲ್ಲಿ ತೇಪೆಗಳು ಅಡ್ಡಾದಿಡ್ಡಿ, ಮೈಗೆ ಹೊಳಪೂ ಇದೆ. ನನಗೆ ಬಾಲ್ ಪೈಥಾನ್ ಅನಿಸುತ್ತಿದೆ. ಆದರೆ ತಲೆ ಕುಂಡದ ಅಡಿಯಲ್ಲಿದೆ, ಅರ್ಧ ಮೈ ನೆರಳಲ್ಲಿದೆ. ಇಷ್ಟನ್ನು ನಂಬಿ ಕೈ ಹಾಕುವಂತಿಲ್ಲ.

ಆರೇಳು ಅಡಿ ದೂರದಿಂದಲೇ ಜೂಮ್ ಮಾಡಿ ಮೂತಿಯ ಫೋಟೊ ತೆಗೆಯಿರಿ. ತ್ರಿಕೋನ ತಲೆ, ಸೀಳುಗಣ್ಣು ನೋಡಿ ತೀರ್ಮಾನಿಸಬೇಡಿ, ಕೊಳಕುಮಂಡಲ, ಹೆಬ್ಬಾವು ಎರಡಕ್ಕೂ ಅವು ಇವೆ. ಮೇಲ್ದುಟಿಯ ಮೇಲೆ ಸೂಜಿಯಿಂದ ಒತ್ತಿದಂತೆ ಸಾಲು ಗುಳಿಗಳಿದ್ದರೆ ಹೆಬ್ಬಾವಿನ ಜಾತಿ. ಬೇಟೆಯ ಶಾಖ ತಿಳಿಯುವುದು ಅವುಗಳಿಂದಲೇ. ಕೊಳಕುಮಂಡಲಕ್ಕೆ ಆ ಗುಳಿ ಇಲ್ಲ, ಮೂಗಿನ ಹೊಳ್ಳೆ ಮಾತ್ರ ಎದ್ದು ಕಾಣುವಷ್ಟು ದೊಡ್ಡದು. ಬಿಳಿಯೋ ಹಳದಿಯೋ ಇದ್ದರೆ ಸಾಕಿದ್ದೇ ಅನ್ನುವುದೂ ತಪ್ಪು. ನಾಗರಹಾವಿನಲ್ಲೂ ಬಿಳಿಚಿದವು ಹುಟ್ಟುತ್ತವೆ.

ಈಗಲೇ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಒಬ್ಬರು ದೂರದಿಂದ ಕಣ್ಣಿಟ್ಟಿರಲಿ. ಕಣ್ಣು ತಪ್ಪಿದರೆ ಆಮೇಲೆ ಇಡೀ ಹಿತ್ತಲು ಹುಡುಕಬೇಕಾಗುತ್ತದೆ. ಮಕ್ಕಳು, ನಾಯಿ ಒಳಗಿರಲಿ. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ. ಫಿನಾಯಿಲ್, ಸೀಮೆಎಣ್ಣೆ ಸುರಿಯಬೇಡಿ, ಗಾಬರಿಗೆ ಅದು ಮನೆಯೊಳಗೇ ನುಗ್ಗಬಹುದು.

ಅಕಸ್ಮಾತ್ ಕಚ್ಚಿದರೆ ಯಾವ ಹಾವೆಂದು ಚರ್ಚಿಸುತ್ತ ಕೂರಬೇಡಿ. ಉಂಗುರ, ಬಳೆ ತೆಗೆದು, ಕೈಕಾಲು ಅಲ್ಲಾಡಿಸದೆ, 108 ಕರೆಸಿ ವಿಷನಿರೋಧಕ ಇರುವ ಆಸ್ಪತ್ರೆಗೆ ಹೋಗಿ. ಹಗ್ಗ ಕಟ್ಟುವುದು, ಕೊಯ್ಯುವುದು ಬೇಡ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಕೊಯ್ದ ಗಾಯದ ರಕ್ತ ನಿಲ್ಲುವುದೇ ಇಲ್ಲ.

ಬಾಲ್ ಪೈಥಾನ್ ಎಂದು ಖಚಿತವಾದರೂ ತಳಜಾಯಿ ಗುಡ್ಡಕ್ಕೆ ಬಿಡುವ ಮಾತು ಬೇಡ. ಪುಣೆಯ ಡಿಸೆಂಬರ್ ಚಳಿಯನ್ನು ಅದು ತಡೆಯದು, ಅದರ ಮೈಯ ಉಣ್ಣೆಹುಳು, ರೋಗ ಇಲ್ಲಿಯ ಹಾವುಗಳಿಗೂ ಅಂಟಬಹುದು. ಸೊಸೈಟಿ ಗುಂಪಿನಲ್ಲಿ ‘ಹಾವು ಸಿಕ್ಕಿದೆ’ ಎಂದಷ್ಟೇ ಹಾಕಿ, ಫೋಟೊ ಹಾಕಬೇಡಿ. ತನ್ನದು ಎಂದು ಬಂದವರು ಹಳೆಯ ಫೋಟೊ ತೋರಿಸಲಿ. ತೇಪೆಗಳ ವಿನ್ಯಾಸ ಬೆರಳಚ್ಚಿನ ಹಾಗೆ, ಒಂದೊಂದು ಹಾವಿಗೆ ಒಂದೊಂದು. ವಿದೇಶಿ ಪ್ರಾಣಿ ಸಾಕುವವರಿಗಿರುವ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಮಾಡಿಸಿದ ನೋಂದಣಿಯನ್ನು ಅರಣ್ಯ ಸಿಬ್ಬಂದಿಗೆ ತೋರಿಸಿಯೇ ಅವರು ಹಾವು ಕೇಳಲಿ.

ಮೂತಿಯ ಫೋಟೊ ಸಿಕ್ಕ ಕೂಡಲೇ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.